ಮರುಭೂಮಿಯ ಬಂಡೆಗಳೂ ದಾರಿಬದಿಯ ವ್ಯಾಪಾರವೂ

ವ್ಯಾಪಾರದಲ್ಲಿ ತೊಡಗಿದವರಿಗೆ ಬಂಡವಾಳವೆಂದರೇನು ಎಂಬುದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಅಂಗಡಿಯ ಕಟ್ಟಡ, ದಾಸ್ತಾನು, ಯಂತ್ರೋಪಕರಣ, ಬ್ಯಾಂಕಿನಲ್ಲಿರುವ ಹಣ, ಗಿರಾಕಿಗಳಿಂದ ಬರಬೇಕಾದ ಬಾಕಿ ಇವೆಲ್ಲವೂ ವರ್ಷಾಂತ್ಯದ ಆಸ್ತಿ-ಹೊಣೆ ಪಟ್ಟಿಯಲ್ಲಿ ತಮ್ಮ ತಮ್ಮ ಸ್ಥಾನವನ್ನು ಪಡೆಯುತ್ತವೆ. ಆದರೆ ಯಾವ ವರ್ತಕನ ಲೆಕ್ಕಪುಸ್ತಕದಲ್ಲಿಯೂ ನಮೂದಾಗದೆ, ಇಡೀ ಊರಿನ ವಹಿವಾಟನ್ನು ಹೊತ್ತು ನಿಂತಿರುವ ಬಂಡವಾಳವೂ ಕೆಲವೆಡೆ ಇರುತ್ತದೆ. ಅಮೆರಿಕದ ನೈರುತ್ಯ ಭಾಗದ ಮರುಭೂಮಿ ಪ್ರದೇಶದಲ್ಲಿ ಅಂಥ ಬಂಡವಾಳವೆಂದರೆ ಬಂಡೆಗಳ ಮೇಲೆ ಪ್ರಾಚೀನ ಜನರು ಕುಟ್ಟಿ ಮೂಡಿಸಿದ ಚಿತ್ರಗಳು. ನೆವಾಡಾ, ಯೂಟಾ, ಅರಿಜೋನಾ, ನ್ಯೂ ಮೆಕ್ಸಿಕೊ ಹಾಗೂ ಕ್ಯಾಲಿಫೋರ್ನಿಯಾದ ಒಣನೆಲಗಳಲ್ಲಿ ಮೋಟರ್‌ಹೋಮ್‌ಗಳನ್ನು ಓಡಿಸಿಕೊಂಡು ಹೋಗುವ ಪ್ರವಾಸಿಗರಲ್ಲಿ ಅನೇಕರು ಈ ಚಿತ್ರಗಳನ್ನು ಅರಸಿ ಬರುತ್ತಾರೆ. ಅವರ ಹಿಂದೆಯೇ ಇಂಧನ, ನೀರು, ಅಡುಗೆ ಅನಿಲ, ದಿನಸಿ, ದುರಸ್ತಿ, ಬಾಡಿಗೆ ವಾಹನ, ಕರಕುಶಲ ವಸ್ತುಗಳ ವ್ಯಾಪಾರವೂ ಬರುತ್ತದೆ.

ಈ ವ್ಯಾಪಾರದ ಮೂಲಧನವನ್ನು ಕಾಯಬೇಕಾದವರು ಯಾರು? ಸರ್ಕಾರವೇ, ಪ್ರವಾಸಿಗರೇ, ಅಥವಾ ಅದರಿಂದ ಲಾಭ ಪಡೆಯುವ ವರ್ತಕರೇ? ಪ್ರಶ್ನೆ ದೂರದ ದೇಶದ್ದೆಂದು ತೋರಬಹುದು. ಆದರೆ ಕಲ್ಲನ್ನೂ ದಾರಿಯನ್ನೂ ನಂಬಿ ಬದುಕುವ ಸಣ್ಣ ಉದ್ಯಮಿಗಳು ಎಲ್ಲೆಲ್ಲಿ ಇದ್ದಾರೆಯೋ ಅಲ್ಲೆಲ್ಲ ಇದು ಪ್ರಸ್ತುತವಾದ ಪ್ರಶ್ನೆಯೇ ಆಗಿದೆ.

ಗಾಲಿಯ ಮೇಲಿನ ಮನೆ

ಮೋಟರ್‌ಹೋಮ್ ಎಂದರೆ ಗಾಲಿಯ ಮೇಲಿನ ಮನೆ. ಮಲಗುವ ಹಾಸಿಗೆ, ಒಲೆ, ಶೀತಕ ಪೆಟ್ಟಿಗೆ, ಸ್ನಾನದ ಕೋಣೆ, ಶೌಚಾಲಯ ಎಲ್ಲವೂ ಒಂದೇ ವಾಹನದಲ್ಲಿರುತ್ತವೆ. ಶುದ್ಧ ನೀರಿಗೊಂದು, ತೊಳೆದ ನೀರಿಗೊಂದು, ಶೌಚದ ನೀರಿಗೊಂದು ಎಂದು ಸಾಮಾನ್ಯವಾಗಿ ಮೂರು ತೊಟ್ಟಿಗಳನ್ನು ಅಳವಡಿಸಲಾಗಿರುತ್ತದೆ. ಇದನ್ನು ತಯಾರಿಸುವ ಉದ್ಯಮದ ಸ್ವರೂಪ ಸಣ್ಣ ಕೈಗಾರಿಕೋದ್ಯಮಿಗಳ ಗಮನಕ್ಕೆ ಅರ್ಹವಾಗಿದೆ. ಎಂಜಿನ್ ಮತ್ತು ಚಾಸಿಯನ್ನು ದೊಡ್ಡ ಮೋಟಾರು ಕಂಪನಿಗಳು ಪೂರೈಸುತ್ತವೆ. ಅದರ ಮೇಲೆ ಮನೆಯನ್ನು ಕಟ್ಟುವ ಕೆಲಸ ಬೇರೆ ಕಾರ್ಖಾನೆಗಳದು. ಆ ಕಾರ್ಖಾನೆಗಳಿಗೆ ಬೇಕಾಗುವ ಪ್ಲೈವುಡ್, ಫೈಬರ್‌ಗ್ಲಾಸ್ ಹಲಗೆ, ಕಿಟಕಿ, ನಲ್ಲಿ, ವಿದ್ಯುತ್ ತಂತಿ, ಹೊದಿಕೆ ಬಟ್ಟೆ, ಕೀಲು, ಬೀಗ ಇವೆಲ್ಲ ನೂರಾರು ಸಣ್ಣ ಘಟಕಗಳಿಂದ ಬರುತ್ತವೆ.

ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಜಿಲ್ಲೆ ಈ ಉದ್ಯಮದ ರಾಜಧಾನಿ ಎನಿಸಿದೆ. ಅಮೆರಿಕದಲ್ಲಿ ತಯಾರಾಗುವ ಇಂಥ ವಾಹನಗಳ ಬಹುಪಾಲು ಆ ಜಿಲ್ಲೆ ಮತ್ತು ಅದರ ಸುತ್ತಲಿನ ಪ್ರದೇಶದಿಂದಲೇ ಹೊರಬರುತ್ತದೆ. ಅಯೋವಾ ರಾಜ್ಯದ ಫಾರೆಸ್ಟ್ ಸಿಟಿ ಎಂಬ ಸಣ್ಣ ಊರಿನಲ್ಲಿ 1958ರಲ್ಲಿ ಆರಂಭವಾದ ವಿನ್ನೆಬೇಗೊ ಸಂಸ್ಥೆ 1966ರಲ್ಲಿ ಮೋಟರ್‌ಹೋಮ್ ತಯಾರಿಕೆಗೆ ಇಳಿಯಿತು. ತಯಾರಿಕೆಯಲ್ಲಿ ಜೋಡಣಾ ಸಾಲಿನ ಪದ್ಧತಿಯನ್ನು ಅಳವಡಿಸಿಕೊಂಡು ಬೆಲೆಯನ್ನು ಇಳಿಸಿದ್ದರಿಂದ, ಅಲ್ಲಿಯವರೆಗೆ ಶ್ರೀಮಂತರ ಸೊತ್ತಾಗಿದ್ದ ಈ ವಾಹನ ಮಧ್ಯಮ ವರ್ಗದ ಕುಟುಂಬಗಳಿಗೂ ಎಟುಕುವಂತಾಯಿತು.

ಈ ಉದ್ಯಮದ ಏರಿಳಿತ ತೀವ್ರವಾದುದು. ಎಂಜಿನ್ ಇರುವ ಮೋಟರ್‌ಹೋಮ್‌ಗಳನ್ನೂ ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿಗಳನ್ನೂ ಒಟ್ಟುಗೂಡಿಸಿ ಲೆಕ್ಕ ಹಾಕಿದರೆ, ಆರ್ಥಿಕ ಹಿಂಜರಿತದ 2009ರಲ್ಲಿ ಕಾರ್ಖಾನೆಗಳಿಂದ ಹೊರಬಂದ ವಾಹನಗಳ ಸಂಖ್ಯೆ ಸುಮಾರು 1.66 ಲಕ್ಷಕ್ಕೆ ಕುಸಿದಿತ್ತು. ಅದೇ ವರ್ಷ ಎಲ್ಕ್‌ಹಾರ್ಟ್ ಪ್ರದೇಶದ ನಿರುದ್ಯೋಗ ಪ್ರಮಾಣ ಶೇ. 18ನ್ನು ಮೀರಿತು. ಕೋವಿಡ್ ಕಾಲದಲ್ಲಿ ವಿಮಾನವನ್ನೂ ಹೋಟೆಲನ್ನೂ ತೊರೆದ ಜನರು ಗಾಲಿಮನೆಯತ್ತ ಹೊರಳಿದ್ದರಿಂದ 2021ರಲ್ಲಿ ಈ ಸಂಖ್ಯೆ 6 ಲಕ್ಷವನ್ನು ದಾಟಿ ದಾಖಲೆಯಾಯಿತು. 2023ರಲ್ಲಿ ಮತ್ತೆ 3.13 ಲಕ್ಷಕ್ಕೆ ಇಳಿಯಿತು. ಗಾಲಿಯ ವ್ಯಾಪಾರ ಬಡ್ಡಿದರ ಮತ್ತು ಇಂಧನ ಬೆಲೆಯನ್ನು ಅನುಸರಿಸಿ ಏರುತ್ತದೆ, ಇಳಿಯುತ್ತದೆ. ಎರಡು ವರ್ಷಗಳಲ್ಲಿ ಅರ್ಧಕ್ಕಿಳಿದ ಉತ್ಪಾದನೆ ಮತ್ತೊಂದು ಅನುಕೂಲಕಾಲದಲ್ಲಿ ಹಿಂದಿನ ಮಟ್ಟಕ್ಕೆ ಮರಳಬಹುದು. ಬಂಡೆಯ ಚಿತ್ರಕ್ಕೆ ಈ ಅನುಕೂಲವಿಲ್ಲ. ಅದು ಒಮ್ಮೆ ಇಳಿದರೆ ಮತ್ತೆ ಏರುವುದಿಲ್ಲ.

ದಾರಿಯಲ್ಲಿ ಕಾಣುವುದೇನು

ಮರುಭೂಮಿಯ ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಅವಧಿಯಲ್ಲಿ ಕಪ್ಪುಗಂದು ಬಣ್ಣದ ತೆಳುವಾದ ಲೇಪವೊಂದು ಬೆಳೆಯುತ್ತದೆ. ಗಾಳಿ ಹೊತ್ತು ತಂದ ಜೇಡಿಯ ಕಣಗಳು, ಮ್ಯಾಂಗನೀಸ್ ಹಾಗೂ ಕಬ್ಬಿಣದ ಆಕ್ಸೈಡುಗಳು ಸೇರಿ ಈ ಲೇಪವಾಗುತ್ತದೆ. ಗಟ್ಟಿ ಕಲ್ಲಿನಿಂದ ಅದನ್ನು ಕುಟ್ಟಿದಾಗ ಒಳಗಿನ ತಿಳಿ ಬಣ್ಣದ ಬಂಡೆ ಹೊರಗೆ ಕಾಣಿಸುತ್ತದೆ. ಹೀಗೆ ಕುಟ್ಟಿ ಕುಟ್ಟಿ ಮೂಡಿಸಿದ ಕೊಂಬುಳ್ಳ ಕುರಿ, ಹಾವು, ಮನುಷ್ಯಾಕೃತಿ, ಸುರುಳಿ, ಅಂಗೈ, ಪಾದಗಳ ಚಿತ್ರಗಳೇ ಅಲ್ಲಿನ ಕುಟ್ಟುಚಿತ್ರಗಳು. ನೆವಾಡಾದ ಬತ್ತಿಹೋದ ವಿನ್ನೆಮಕ್ಕಾ ಸರೋವರದ ದಂಡೆಯಲ್ಲಿರುವ ಆಳವಾದ ಕೆತ್ತನೆಗಳು 10,500ರಿಂದ 14,800 ವರ್ಷಗಳಷ್ಟು ಹಿಂದಿನವೆಂದು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು. ಉತ್ತರ ಅಮೆರಿಕ ಖಂಡದಲ್ಲಿ ಕಾಲ ನಿರ್ಣಯವಾದ ಕೆತ್ತನೆಗಳಲ್ಲಿ ಇವು ಅತ್ಯಂತ ಹಳೆಯವು.

ಲಾಸ್ ವೇಗಾಸ್ ನಗರದಲ್ಲಿ ಮೋಟರ್‌ಹೋಮ್ ಬಾಡಿಗೆಗೆ ಪಡೆದ ಕುಟುಂಬವೊಂದು ಈಶಾನ್ಯಕ್ಕೆ ಸುಮಾರು 80 ಕಿ.ಮೀ. ಸಾಗಿದರೆ ವ್ಯಾಲಿ ಆಫ್ ಫೈರ್ ಉದ್ಯಾನ ಸಿಗುತ್ತದೆ. ಇದು ನೆವಾಡಾದ ಅತ್ಯಂತ ಹಳೆಯ ರಾಜ್ಯ ಉದ್ಯಾನ. ಕೆಂಪು ಮರಳುಗಲ್ಲಿನ ಎತ್ತರದ ಬಂಡೆಯೊಂದಕ್ಕೆ ಲೋಹದ ಮೆಟ್ಟಿಲುಗಳನ್ನು ಕಟ್ಟಿದ್ದು, ಹತ್ತಿ ನೋಡಿದರೆ ಈಟಿಯನ್ನು ಬೀಸಿ ಎಸೆಯುವ ಸಾಧನದ ಚಿತ್ರ ಕಾಣುತ್ತದೆ. ಅದರ ಹತ್ತಿರದಲ್ಲಿಯೇ ಮೋಟರ್‌ಹೋಮ್‌ಗಳಿಗೆ ನೀರು, ವಿದ್ಯುತ್ ಸಂಪರ್ಕವಿರುವ ತಂಗುದಾಣವಿದೆ. ಅಲ್ಲಿಂದ ಯೂಟಾದ ಕಡೆಗೆ ತಿರುಗಿದರೆ ನ್ಯೂಸ್‌ಪೇಪರ್ ರಾಕ್ ಎಂಬ ಬಂಡೆ ಸಿಗುತ್ತದೆ. ಸುಮಾರು 200 ಚದರ ಅಡಿಯಷ್ಟು ಜಾಗದಲ್ಲಿ ಹಲವು ಕಾಲದ ಹಲವು ಜನಾಂಗಗಳು ಒಂದರ ಪಕ್ಕ ಒಂದರಂತೆ ಚಿತ್ರಗಳನ್ನು ಮೂಡಿಸಿವೆ. ದಕ್ಷಿಣಕ್ಕೆ ಬಂದರೆ ಅರಿಜೋನಾದ ಹಿಲಾ ಬೆಂಡ್ ಊರಿನ ಸಮೀಪ ಪೇಂಟೆಡ್ ರಾಕ್ ಎಂಬ ಸ್ಥಳವಿದೆ. ಹೊಹೊಕಾಮ್ ಸಂಸ್ಕೃತಿಯ ಜನರು ಮೂಡಿಸಿದ ಸುಮಾರು 800 ಚಿತ್ರಗಳು ಅಲ್ಲಿನ ಒಂದೇ ಕಲ್ಲುಗುಡ್ಡೆಯಲ್ಲಿವೆ.

ಈ ಸ್ಥಳಗಳ ನಡುವಿನ ಅಂತರ ನೂರಾರು ಕಿಲೋಮೀಟರ್. ನಡುವೆ ನೆರಳಿಲ್ಲ, ನೀರಿಲ್ಲ. ಆದ್ದರಿಂದ ಪ್ರವಾಸಿ ಎಷ್ಟೇ ಸ್ವಾವಲಂಬಿಯಾಗಿ ಹೊರಟರೂ ದಾರಿಯ ಊರುಗಳನ್ನು ಅವಲಂಬಿಸದೆ ಗತ್ಯಂತರವಿಲ್ಲ.

ಸಣ್ಣ ಊರಿನ ಲೆಕ್ಕ

ಮೋಟರ್‌ಹೋಮ್‌ನಲ್ಲಿ ಬರುವವನು ಹೋಟೆಲ್ ಕೊಠಡಿ ಹಿಡಿಯುವುದಿಲ್ಲ. ಊಟವನ್ನೂ ಬಹುಮಟ್ಟಿಗೆ ತಾನೇ ಬೇಯಿಸಿಕೊಳ್ಳುತ್ತಾನೆ. ಇಂಥ ಗಿರಾಕಿಯಿಂದ ಊರಿಗೇನು ಲಾಭ ಎಂಬ ಸಂಶಯ ಸಹಜವಾದುದೇ. ಅವನ ಖರ್ಚಿನ ಬಾಬತ್ತುಗಳನ್ನು ನೋಡಿದರೆ ಸಂಶಯ ಪರಿಹಾರವಾಗುತ್ತದೆ. ದೊಡ್ಡ ಮೋಟರ್‌ಹೋಮ್ ಒಂದು ಲೀಟರ್ ಇಂಧನಕ್ಕೆ ಮೂರು ನಾಲ್ಕು ಕಿ.ಮೀ.ಗಿಂತ ಹೆಚ್ಚು ಓಡುವುದು ಅಪರೂಪ. ತೊಟ್ಟಿಗೆ ನೀರು ತುಂಬಿಸಬೇಕು, ಕೊಳೆನೀರನ್ನು ನಿಗದಿತ ಸ್ಥಳದಲ್ಲಿಯೇ ಖಾಲಿ ಮಾಡಬೇಕು. ಅನಿಲ ಮುಗಿದರೆ ತುಂಬಿಸಬೇಕು. ಬಿಸಿಲಿಗೆ ಟೈರು ಸಿಡಿದರೆ, ಬ್ಯಾಟರಿ ಸತ್ತರೆ, ಮೇಲ್ಛಾವಣಿ ಸೋರಿದರೆ ಸ್ಥಳೀಯ ದುರಸ್ತಿಗಾರನೇ ದಿಕ್ಕು. ಇವೆಲ್ಲವೂ ಸಣ್ಣ ಬಂಡವಾಳದಲ್ಲಿ ನಡೆಯುವ, ಸ್ಥಳೀಯ ಜನರೇ ಮಾಡಬಲ್ಲ ಉದ್ಯೋಗಗಳು. ಹೋಟೆಲಿನ ಲಾಭ ಹಲವು ವೇಳೆ ದೂರದ ನಗರದ ಮಾಲೀಕನನ್ನು ಸೇರುತ್ತದೆ. ಪಂಕ್ಚರ್ ಹಾಕಿದ ಹಣ ಊರಿನಲ್ಲಿಯೇ ಉಳಿಯುತ್ತದೆ.

ಮತ್ತೊಂದು ಅಂಶವಿದೆ. ಅನೇಕ ಚಿತ್ರಬಂಡೆಗಳಿಗೆ ಹೋಗುವ ಕೊನೆಯ ಕೆಲವು ಕಿಲೋಮೀಟರ್ ದಾರಿ ಮಣ್ಣಿನದು. ಬಾಡಿಗೆ ಮೋಟರ್‌ಹೋಮ್‌ಗಳನ್ನು ಡಾಂಬರು ಇಲ್ಲದ ರಸ್ತೆಗೆ ಇಳಿಸಕೂಡದೆಂದು ಕರಾರುಪತ್ರದಲ್ಲಿ ಸಾಮಾನ್ಯವಾಗಿ ನಮೂದಿಸಿರುತ್ತಾರೆ. ಹೀಗಾಗಿ ದೊಡ್ಡ ವಾಹನ ಊರಿನಲ್ಲಿಯೇ ನಿಲ್ಲುತ್ತದೆ. ಮುಂದಿನ ದಾರಿಗೆ ಸ್ಥಳೀಯ ಜೀಪು, ಸ್ಥಳೀಯ ಮಾರ್ಗದರ್ಶಿ ಬೇಕಾಗುತ್ತದೆ. ರಸ್ತೆಯ ಕೊರತೆಯೇ ಊರಿನವನಿಗೆ ಅನ್ನದ ದಾರಿಯಾಗುವ ಸಂದರ್ಭವೂ ಉಂಟು.

ಅರಿಜೋನಾದ ಕ್ವಾರ್ಟ್ಸ್‌ಸೈಟ್ ಇದಕ್ಕೆ ದೊಡ್ಡ ನಿದರ್ಶನ. 2020ರ ಜನಗಣತಿಯಲ್ಲಿ ಈ ಊರಿನ ಜನಸಂಖ್ಯೆ 2,413 ಮಾತ್ರ. ಚಳಿಗಾಲ ಬಂತೆಂದರೆ ಉತ್ತರದ ಶೀತ ಪ್ರದೇಶಗಳಿಂದ ಲಕ್ಷಾಂತರ ಜನರು ಗಾಲಿಮನೆಗಳಲ್ಲಿ ಬಂದು ಸುತ್ತಲಿನ ಮರುಭೂಮಿಯಲ್ಲಿ ಬೀಡುಬಿಡುತ್ತಾರೆ. ಊರಿನ ಪಕ್ಕದ ಲಾ ಪೋಸಾ ಎಂಬಲ್ಲಿ ಸರ್ಕಾರದ ಭೂ ನಿರ್ವಹಣಾ ಇಲಾಖೆ ಸುಮಾರು 11,400 ಎಕರೆ ಭೂಮಿಯನ್ನು ಸೆಪ್ಟೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ದೀರ್ಘಾವಧಿ ತಂಗುವವರಿಗಾಗಿ ಕಾದಿರಿಸಿದೆ. ಹರಳು, ಶಿಲೆ, ಖನಿಜಗಳ ಸಂತೆಗಳೂ ಮೋಟರ್‌ಹೋಮ್ ಪ್ರದರ್ಶನವೂ ಅಲ್ಲಿ ನಡೆಯುತ್ತವೆ. ವರ್ಷದ ಕೆಲವೇ ತಿಂಗಳ ವಹಿವಾಟಿನಲ್ಲಿ ಇಡೀ ವರ್ಷದ ಜೀವನ ಸಾಗಿಸುವ ವರ್ತಕರು ಆ ಊರಿನಲ್ಲಿದ್ದಾರೆ. ಜಾತ್ರೆಯ ವ್ಯಾಪಾರ ಬಲ್ಲ ಕನ್ನಡ ನಾಡಿನ ಅಂಗಡಿಕಾರರಿಗೆ ಇದು ಅಪರಿಚಿತವಾದ ಲೆಕ್ಕವೇನಲ್ಲ.

ಧೂಳು ಕಲಿಸಿದ ಪಾಠ

ವ್ಯಾಪಾರ ಮತ್ತು ಸಂರಕ್ಷಣೆ ಪರಸ್ಪರ ವಿರೋಧಿಗಳೆಂಬ ಅಭಿಪ್ರಾಯ ಎರಡೂ ಪಕ್ಷಗಳಲ್ಲಿ ಬೇರೂರಿದೆ. ಯೂಟಾದ ನೈನ್ ಮೈಲ್ ಕಣಿವೆಯ ಅನುಭವ ಈ ಅಭಿಪ್ರಾಯವನ್ನು ಪರಿಶೀಲಿಸಲು ನೆರವಾಗುತ್ತದೆ. ಹೆಸರಿನಲ್ಲಿ ಒಂಬತ್ತು ಮೈಲಿ ಇದ್ದರೂ ಕಣಿವೆಯ ಉದ್ದ ಸುಮಾರು 40 ಮೈಲಿ, ಎಂದರೆ 64 ಕಿ.ಮೀ.ಗಳಷ್ಟಿದೆ. ಫ್ರೀಮಾಂಟ್ ಸಂಸ್ಕೃತಿಯ ಜನರೂ ಅವರ ನಂತರ ಬಂದ ಯೂಟ್ ಜನರೂ ಮೂಡಿಸಿದ ಸಾವಿರಾರು ಚಿತ್ರಗಳು ಅಲ್ಲಿನ ಗೋಡೆಬಂಡೆಗಳಲ್ಲಿವೆ. ಜಗತ್ತಿನ ಅತಿ ಉದ್ದದ ಚಿತ್ರಶಾಲೆ ಎಂಬ ಹೆಸರೂ ಅದಕ್ಕಿದೆ. 1886ರಲ್ಲಿ ಸೈನಿಕರು ನಿರ್ಮಿಸಿದ ರಸ್ತೆಯೇ ಒಂದು ಶತಮಾನಕ್ಕೂ ಹೆಚ್ಚು ಕಾಲ ಅದರ ಮುಖ್ಯ ಸಂಪರ್ಕವಾಗಿತ್ತು.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಕಣಿವೆಯ ಮೇಲಣ ಪ್ರಸ್ಥಭೂಮಿಯಲ್ಲಿ ನೈಸರ್ಗಿಕ ಅನಿಲದ ಬಾವಿಗಳನ್ನು ಕೊರೆಯುವ ಕೆಲಸ ಚುರುಕಾಯಿತು. ಮಣ್ಣುರಸ್ತೆಯಲ್ಲಿ ಭಾರೀ ಲಾರಿಗಳ ಸಾಲು ಹೊರಟಿತು. ಎದ್ದ ಧೂಳು ಚಿತ್ರಗಳ ಮೇಲೆ ಕೂರತೊಡಗಿತು. ಧೂಳನ್ನು ಅಡಗಿಸಲೆಂದು ರಸ್ತೆಗೆ ಸಿಂಪಡಿಸಿದ ಮೆಗ್ನೀಸಿಯಂ ಕ್ಲೋರೈಡ್ ಲವಣವೂ ಆ ಧೂಳಿನೊಡನೆ ಬಂಡೆಯನ್ನು ಸೇರಿ ಮತ್ತೊಂದು ಅಪಾಯವನ್ನು ತಂದೊಡ್ಡಿತು. 2004ರಲ್ಲಿ ಅಮೆರಿಕದ ಐತಿಹಾಸಿಕ ಸಂರಕ್ಷಣಾ ರಾಷ್ಟ್ರೀಯ ನ್ಯಾಸವು ಈ ಕಣಿವೆಯನ್ನು ಅಪಾಯದಲ್ಲಿರುವ ಸ್ಥಳಗಳ ಪಟ್ಟಿಗೆ ಸೇರಿಸಿತು. ನ್ಯಾಯಾಲಯದ ಮೆಟ್ಟಿಲು ಹತ್ತುವ ಹಂತಕ್ಕೂ ವಿವಾದ ಹೋಯಿತು.

ಪರಿಹಾರ ದೊರೆತದ್ದು ಮಾತುಕತೆಯಿಂದ. 2010ರ ಜನವರಿಯಲ್ಲಿ ಭೂ ನಿರ್ವಹಣಾ ಇಲಾಖೆ, ರಾಜ್ಯ ಮತ್ತು ಜಿಲ್ಲಾಡಳಿತಗಳು, ಅನಿಲ ಸಂಸ್ಥೆ ಹಾಗೂ ಸಂರಕ್ಷಣಾ ಸಂಘಟನೆಗಳು ಒಂದು ಒಪ್ಪಂದಕ್ಕೆ ಬಂದವು. ಧೂಳಿನ ನಿಯಂತ್ರಣ ಮತ್ತು ಪುರಾತತ್ತ್ವ ಸಮೀಕ್ಷೆ ಅದರ ಭಾಗವಾದವು. ನಂತರದ ವರ್ಷಗಳಲ್ಲಿ ರಸ್ತೆಗೆ ಗಟ್ಟಿಯಾದ ಮೇಲ್ಮೈ ಬಂದು ಧೂಳು ಅಡಗಿತು. ಅನಿಲದ ಕೆಲಸ ನಿಲ್ಲಲಿಲ್ಲ, ಚಿತ್ರಗಳೂ ಉಳಿದವು. ರಸ್ತೆ ಸುಧಾರಿಸಿದ್ದರಿಂದ ಪ್ರವಾಸಿಗರ ವಾಹನಗಳಿಗೂ ಅನುಕೂಲವಾಯಿತು.

ಈ ಪ್ರಕರಣವನ್ನು ಎಲ್ಲರಿಗೂ ಸುಖಾಂತ್ಯವೆಂದು ಬಣ್ಣಿಸುವುದು ಸರಿಯಲ್ಲ. ಸುಲಭವಾದ ರಸ್ತೆ ಹೆಚ್ಚು ಜನರನ್ನು ತರುತ್ತದೆ. ಹೆಚ್ಚು ಜನರೊಡನೆ ಗೀಚುವ ಕೈಗಳೂ ಬರುತ್ತವೆ. ಆದರೂ ಒಂದು ಮಾತು ಇಲ್ಲಿ ಸ್ಪಷ್ಟವಾಗುತ್ತದೆ. ಧೂಳನ್ನು ತಡೆಯುವ ವೆಚ್ಚ ಯೋಜನೆಯ ಆರಂಭದಲ್ಲಿಯೇ ಅಂದಾಜುಪಟ್ಟಿಯಲ್ಲಿ ಸೇರಿದ್ದರೆ ಹಲವು ವರ್ಷಗಳ ತಕರಾರು, ವಿಳಂಬ ಮತ್ತು ವಕೀಲರ ಶುಲ್ಕ ಉಳಿಯುತ್ತಿತ್ತು. ಸಂರಕ್ಷಣೆಯ ವೆಚ್ಚವನ್ನು ದಾನಧರ್ಮದ ಖಾತೆಗೆ ಬರೆಯುವ ಉದ್ಯಮಿ ಅದನ್ನು ಮುಂದೂಡುತ್ತಾನೆ. ಉತ್ಪಾದನಾ ವೆಚ್ಚದ ಖಾತೆಗೆ ಬರೆಯುವವನು ಸಕಾಲದಲ್ಲಿ ಪಾವತಿಸುತ್ತಾನೆ.

ಮಾತುಕತೆ ಎಲ್ಲ ಕಡೆಯೂ ಫಲಿಸುವುದಿಲ್ಲ. ನ್ಯೂ ಮೆಕ್ಸಿಕೊದ ಆಲ್ಬುಕರ್ಕಿ ನಗರದ ಅಂಚಿನಲ್ಲಿ ಸುಮಾರು 24,000 ಚಿತ್ರಗಳಿರುವ ಕಪ್ಪು ಅಗ್ನಿಶಿಲೆಯ ಸಾಲನ್ನು 1990ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. ನಗರ ಪಶ್ಚಿಮಕ್ಕೆ ಬೆಳೆದಂತೆ ರಸ್ತೆಯ ಬೇಡಿಕೆ ಹುಟ್ಟಿತು. ಪುಯೆಬ್ಲೊ ಜನರ ವಿರೋಧವಿದ್ದರೂ 1998ರಲ್ಲಿ ಅಲ್ಲಿನ ಸಂಸತ್ತು ಸ್ಮಾರಕದ 8.5 ಎಕರೆಯನ್ನು ರಸ್ತೆಗಾಗಿ ಬಿಟ್ಟುಕೊಟ್ಟಿತು. ವಾಹನ ಸಂಚಾರದ ಅಗತ್ಯವೂ ನಿಜವಾದುದೇ. ಆದರೆ ಎಕರೆಗಳಲ್ಲಿ ಅಳೆದರೆ ಅಲ್ಪವೆಂದು ತೋರುವ ನಷ್ಟ, ಆ ಬಂಡೆಗಳನ್ನು ಪೂರ್ವಿಕರ ಸನ್ನಿಧಿಯೆಂದು ನಂಬಿದವರ ಪಾಲಿಗೆ ಅಲ್ಪವಾಗಿರಲಿಲ್ಲ.

ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು

ಕ್ಯಾಲಿಫೋರ್ನಿಯಾದ ಬಿಷಪ್ ಊರಿನ ಬಳಿಯ ಜ್ವಾಲಾಮುಖಿಜನ್ಯ ಪ್ರಸ್ಥಭೂಮಿಯಲ್ಲಿ 2012ರ ಶರತ್ಕಾಲದಲ್ಲಿ ಕಳ್ಳರು ಯಂತ್ರಗರಗಸದಿಂದ ಚಿತ್ರಬಂಡೆಗಳ ಫಲಕಗಳನ್ನು ಕತ್ತರಿಸಿಕೊಂಡು ಹೋದರು. ಆ ಸ್ಥಳ ಪಾಯುಟ್ ಜನರಿಗೆ ಪವಿತ್ರವಾದುದು. ಅನಾಮಧೇಯ ಸುಳಿವೊಂದರಿಂದ 2013ರ ಆರಂಭದಲ್ಲಿ ಫಲಕಗಳು ಸಿಕ್ಕವು. ಆದರೆ ಕತ್ತರಿಸಿದ ಕಲ್ಲು ಮತ್ತೆ ಬಂಡೆಯಾಗುವುದಿಲ್ಲ. ಎದುರಿನ ಬೆಟ್ಟ, ಸೂರ್ಯನ ದಿಕ್ಕು, ಪಕ್ಕದ ಚಿತ್ರಗಳಿಂದ ಬೇರ್ಪಟ್ಟ ಮೇಲೆ ಅದು ಉಗ್ರಾಣದಲ್ಲಿಡುವ ವಸ್ತು ಮಾತ್ರ.

ಕಾನೂನು ಇರಲಿಲ್ಲವೆಂದಲ್ಲ. 1906ರ ಪ್ರಾಚ್ಯವಸ್ತು ಕಾಯಿದೆಯೂ 1979ರ ಪುರಾತತ್ತ್ವ ಸಂಪನ್ಮೂಲ ಸಂರಕ್ಷಣಾ ಕಾಯಿದೆಯೂ ಜಾರಿಯಲ್ಲಿದ್ದವು. ದಂಡ ಮತ್ತು ಸೆರೆವಾಸ ಎರಡಕ್ಕೂ ಅವಕಾಶವಿತ್ತು. ಕೊರತೆಯಿದ್ದುದು ಕಣ್ಣುಗಳದ್ದು. ಲಕ್ಷಾಂತರ ಎಕರೆಯ ಬಯಲಿಗೆ ಬೆರಳೆಣಿಕೆಯ ಕಾವಲುಗಾರರು ಸಾಲುವುದಿಲ್ಲ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಅಲ್ಲಿಗೂ ಅನ್ವಯಿಸುತ್ತದೆ.

ಇಂಥಲ್ಲಿ ವರ್ತಕನ ಪಾತ್ರ ಮುಖ್ಯವಾಗುತ್ತದೆ. ಮರುಭೂಮಿಯ ಊರಿನಲ್ಲಿ ಯಾವ ಅಪರಿಚಿತ ವಾಹನ ಎಷ್ಟು ದಿನ ನಿಂತಿತ್ತು, ಯಾರು ಏಣಿಯನ್ನೂ ಜನರೇಟರನ್ನೂ ಹೊತ್ತು ತಿರುಗಿದರು ಎಂಬುದು ಪೊಲೀಸರಿಗಿಂತ ಮೊದಲು ಗೊತ್ತಾಗುವುದು ಪೆಟ್ರೋಲ್ ಬಂಕಿನವನಿಗೆ, ಹಾರ್ಡ್‌ವೇರ್ ಅಂಗಡಿಯವನಿಗೆ. ಅರಿಜೋನಾದಲ್ಲಿಯೂ ನೆವಾಡಾದಲ್ಲಿಯೂ ಸ್ವಯಂಸೇವಕರು ತರಬೇತಿ ಪಡೆದು, ತಮಗೆ ವಹಿಸಿದ ಪ್ರಾಚೀನ ಸ್ಥಳಗಳಿಗೆ ಆಗಾಗ ಭೇಟಿ ನೀಡಿ, ಹಾನಿ ಕಂಡರೆ ವರದಿ ಮಾಡುವ ವ್ಯವಸ್ಥೆ ಜಾರಿಯಲ್ಲಿದೆ. ಇಂಥ ವ್ಯವಸ್ಥೆಗೆ ವಾಹನದ ಇಂಧನವನ್ನೋ ಕ್ಯಾಮೆರಾವನ್ನೋ ಒದಗಿಸುವುದು ಊರಿನ ವರ್ತಕ ಸಂಘಕ್ಕೆ ಭಾರವಾಗುವ ಬಾಬತ್ತಲ್ಲ.

ಮುಟ್ಟದೆ ಮಾರುವ ಮಾರ್ಗ

ಕ್ಯಾಲಿಫೋರ್ನಿಯಾದ ರಿಜ್‌ಕ್ರೆಸ್ಟ್ ಪಟ್ಟಣದ ಪರಿಸ್ಥಿತಿ ವಿಶಿಷ್ಟವಾದುದು. ಸಮೀಪದ ಕೋಸೊ ಪರ್ವತ ಶ್ರೇಣಿಯಲ್ಲಿ 1 ಲಕ್ಷಕ್ಕೂ ಹೆಚ್ಚು ಚಿತ್ರಗಳಿವೆಯೆಂಬ ಅಂದಾಜಿದೆ. ಆದರೆ ಅವು ಇರುವುದು ನೌಕಾಪಡೆಯ ಶಸ್ತ್ರಾಸ್ತ್ರ ಪರೀಕ್ಷಾ ನೆಲೆಯ ಒಳಗೆ. ಪೂರ್ವಾನುಮತಿ ಪಡೆದು, ಸ್ಥಳೀಯ ವಸ್ತುಸಂಗ್ರಹಾಲಯದ ಮಾರ್ಗದರ್ಶಿಗಳೊಡನೆ ಮಾತ್ರ ಒಳಗೆ ಹೋಗಬೇಕಾಗಿತ್ತು. 2019ರ ಜುಲೈ ತಿಂಗಳ ಭೂಕಂಪಗಳ ನಂತರ ಆ ಭೇಟಿಗಳೂ ಸ್ಥಗಿತಗೊಂಡವು.

ಮಾರಲು ಸರಕಿದೆ, ಉಗ್ರಾಣದ ಬೀಗ ಬೇರೆಯವರ ಕೈಯಲ್ಲಿದೆ ಎನ್ನುವ ಈ ಸ್ಥಿತಿಯಲ್ಲಿ ಪಟ್ಟಣವು ಕೈಚೆಲ್ಲಿ ಕೂರಲಿಲ್ಲ. ಕೋಸೊ ಚಿತ್ರಗಳ ಮಾದರಿಯಲ್ಲಿ ಹೊಸ ಕಲ್ಲುಗಳ ಮೇಲೆ ಪ್ರತಿಕೃತಿಗಳನ್ನು ಮಾಡಿಸಿ ಊರಿನೊಳಗೇ ಉದ್ಯಾನವೊಂದನ್ನು ನಿರ್ಮಿಸಿತು. 2014ರಿಂದ ಕುಟ್ಟುಚಿತ್ರಗಳ ಹೆಸರಿನಲ್ಲಿ ಉತ್ಸವವನ್ನೂ ಆರಂಭಿಸಿತು. ಮಕ್ಕಳು ಪ್ರತಿಕೃತಿಯನ್ನು ಮುಟ್ಟಬಹುದು, ಅದರ ಪಕ್ಕ ನಿಂತು ಚಿತ್ರ ತೆಗೆಸಿಕೊಳ್ಳಬಹುದು. ಮೂಲಚಿತ್ರಕ್ಕೆ ಒಂದು ಬೆರಳೂ ತಾಗುವುದಿಲ್ಲ. ಕೈಯ ಜಿಡ್ಡು ಸಹ ಬಂಡೆಯ ಲೇಪಕ್ಕೆ ಹಾನಿಕರವೆಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಪ್ರತಿಕೃತಿಯಲ್ಲಿ ಮೂಲದ ಘನತೆ ಇರುವುದಿಲ್ಲವೆಂಬ ಆಕ್ಷೇಪ ನಿಜ. ಆದರೆ ಕುಟುಂಬದೊಡನೆ ಬಂದ ಪ್ರವಾಸಿಗೆ ಅರ್ಧ ದಿನದ ತೃಪ್ತಿಯನ್ನೂ ಊರಿನ ಅಂಗಡಿಗೆ ಅರ್ಧ ದಿನದ ವ್ಯಾಪಾರವನ್ನೂ ಅದು ಕೊಡಬಲ್ಲದು.

ಚಿಹ್ನೆಯ ಒಡೆತನ

ವರ್ತಕರು ಗಮನಿಸಬೇಕಾದ ಇನ್ನೊಂದು ಸೂಕ್ಷ್ಮ ವಿಷಯವಿದೆ. ಗೂನುಬೆನ್ನಿನ ಕೊಳಲುಗಾರನ ಆಕೃತಿ ನೈರುತ್ಯ ಅಮೆರಿಕದ ಪ್ರತಿಯೊಂದು ಸ್ಮರಣಿಕೆ ಅಂಗಡಿಯಲ್ಲಿಯೂ ಬಟ್ಟಲು, ಅಂಗಿ, ಕೀಲಿಗೊಂಚಲುಗಳ ಮೇಲೆ ಕಾಣಿಸುತ್ತದೆ. ಬಂಡೆಯಲ್ಲಿ ಅದನ್ನು ಮೂಡಿಸಿದವರ ವಂಶಸ್ಥರು ಇಂದಿಗೂ ಅದೇ ನಾಡಿನಲ್ಲಿದ್ದಾರೆ. ಅವರಲ್ಲಿ ಅನೇಕರಿಗೆ ಅದು ಅಲಂಕಾರವಲ್ಲ. ಝಿಯಾ ಪುಯೆಬ್ಲೊ ಜನರ ಸೂರ್ಯಚಿಹ್ನೆಯನ್ನು ನ್ಯೂ ಮೆಕ್ಸಿಕೊ ರಾಜ್ಯ 1925ರಲ್ಲಿ ತನ್ನ ಧ್ವಜಕ್ಕೆ ಅಳವಡಿಸಿಕೊಂಡಿತು. ಆ ಚಿಹ್ನೆಯನ್ನು ವ್ಯಾಪಾರಕ್ಕೆ ಬಳಸುವವರು ತಮ್ಮ ಅನುಮತಿ ಕೇಳಬೇಕೆಂದು ಝಿಯಾ ಜನರು ಒತ್ತಾಯಿಸುತ್ತ ಬಂದಿದ್ದಾರೆ. ಕೆಲವು ಸಂಸ್ಥೆಗಳು ಅನುಮತಿ ಕೇಳಿ ದೇಣಿಗೆಯನ್ನೂ ನೀಡಿವೆ. ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದೆಂದು ಹೇಳಿ ಮಾರುವುದನ್ನು 1990ರ ಕಾಯಿದೆಯೊಂದು ಅಪರಾಧವೆಂದು ಸಾರಿದೆ.

ತಮ್ಮ ಅಂಗಡಿಯ ಹೆಸರನ್ನೋ ಮುದ್ರೆಯನ್ನೋ ಬೇರೊಬ್ಬನು ಬಳಸಿದರೆ ನ್ಯಾಯಾಲಯಕ್ಕೆ ಹೋಗುವ ವರ್ತಕರಿಗೆ ಈ ಬೇಡಿಕೆಯ ನ್ಯಾಯ ಅರ್ಥವಾಗದೇ ಇರದು. ಅಲ್ಲದೆ, ವಂಶಸ್ಥರ ಒಪ್ಪಿಗೆಯಿಂದ ಅವರ ಕೈಯಿಂದಲೇ ತಯಾರಾದ ವಸ್ತುವಿಗೆ ಸಿಗುವ ಬೆಲೆ, ಯಂತ್ರದಲ್ಲಿ ಅಚ್ಚಾದ ನಕಲಿಗೆ ಸಿಗುವುದಿಲ್ಲ.

ಬಳ್ಳಾರಿಯ ಬಂಡೆಗಳು

ಕಲ್ಲಿನಿಂದ ಕಲ್ಲನ್ನು ಕುಟ್ಟಿ, ಮೇಲಿನ ಗಾಢವರ್ಣವನ್ನು ತೆಗೆದು ಚಿತ್ರ ಮೂಡಿಸುವ ಇದೇ ವಿಧಾನವನ್ನು ಕರ್ನಾಟಕದ ನವಶಿಲಾಯುಗದ ಜನರೂ ಬಲ್ಲವರಾಗಿದ್ದರು. ಬಳ್ಳಾರಿ ಸಮೀಪದ ಸಂಗನಕಲ್ಲು-ಕುಪ್ಪಗಲ್ಲು ಗುಡ್ಡದ ಕಪ್ಪು ಡಾಲರೈಟ್ ಬಂಡೆಗಳ ಮೇಲೆ ನೀಳಕೊಂಬಿನ ದನಗಳು ಮತ್ತು ಮನುಷ್ಯಾಕೃತಿಗಳ ಕುಟ್ಟುಚಿತ್ರಗಳಿವೆ. 1892ರಲ್ಲಿಯೇ ಇವು ವಿದ್ವಾಂಸರ ಗಮನಕ್ಕೆ ಬಂದಿದ್ದವು. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಜಾಗಟೆಯಂತೆ ನಾದ ಹೊರಡುತ್ತದೆಂಬುದನ್ನು 2004ರಲ್ಲಿ ಪ್ರಕಟವಾದ ಸಂಶೋಧನಾ ಲೇಖನ ಜಗತ್ತಿಗೆ ತಿಳಿಸಿತು. ಅದೇ ಸಂದರ್ಭದಲ್ಲಿ, ಗುಡ್ಡದಲ್ಲಿ ನಡೆದ ಕಲ್ಲು ಗಣಿಗಾರಿಕೆಯಿಂದ ಈ ನಿಧಿಗೆ ಒದಗಿದ್ದ ಅಪಾಯವೂ ಸುದ್ದಿಯಾಯಿತು.

ಕಲ್ಲಿನ ಉದ್ಯಮ ಕರ್ನಾಟಕದಲ್ಲಿ ಅನೇಕ ಕುಟುಂಬಗಳ ಜೀವನಾಧಾರ. ಅದನ್ನು ದೂಷಿಸುವುದರಿಂದ ಪ್ರಯೋಜನವಿಲ್ಲ. ಆದರೆ ಜಲ್ಲಿಕಲ್ಲು ಮತ್ತೊಂದು ಗುಡ್ಡದಲ್ಲಿಯೂ ಸಿಗುತ್ತದೆ. ಮೂರು ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಯ ಕೈಗುರುತು ಆ ಒಂದು ಗುಡ್ಡದಲ್ಲಿ ಮಾತ್ರ ಸಿಗುತ್ತದೆ. ಲಾರಿ ಲೆಕ್ಕದಲ್ಲಿ ಮಾರಿದ ಕಲ್ಲು ಒಂದೇ ಬಾರಿಗೆ ಹಣ ತರುತ್ತದೆ. ನಿಂತಲ್ಲೇ ನಿಂತ ಕಲ್ಲು, ಅದನ್ನು ನೋಡಬಂದವರು ಊಟ ಮಾಡುವ ಖಾನಾವಳಿಗೂ ಪ್ರಯಾಣಿಸುವ ಆಟೊಗೂ ವರ್ಷವರ್ಷವೂ ಹಣ ತರಬಲ್ಲದು. 2021ರಲ್ಲಿ ಕೇರಳ ಸರ್ಕಾರ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿ ಗಾಲಿಮನೆಯ ವ್ಯಾಪಾರವನ್ನು ದಕ್ಷಿಣ ಭಾರತಕ್ಕೂ ಪರಿಚಯಿಸಿದೆ. ಇಂಥ ವಾಹನಗಳು ಬಯಲುಸೀಮೆಯ ದಾರಿಯನ್ನೂ ಹಿಡಿಯುವ ದಿನ ಬಂದಾಗ ತೋರಿಸಲು ಬಂಡೆಗಳು ಉಳಿದಿರಬೇಕು.

ವರ್ತಕ ಸಂಘಗಳ ಹೊಣೆ

ಸಂರಕ್ಷಣೆ ಸರ್ಕಾರದ ಕೆಲಸ, ಅದಕ್ಕಾಗಿಯೇ ತೆರಿಗೆ ಕಟ್ಟಲಾಗುತ್ತಿದೆ ಎಂಬ ವಾದವನ್ನು ವರ್ತಕರು ಮುಂದಿಡುವುದುಂಟು. ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಕಾನೂನು ಮಾಡುವುದೂ ಶಿಕ್ಷಿಸುವುದೂ ಸರ್ಕಾರದಿಂದ ಮಾತ್ರ ಸಾಧ್ಯ. ಆದರೆ ಪೇಟೆಯಲ್ಲಿ ಪೊಲೀಸ್ ಠಾಣೆ ಇದ್ದರೂ ಪ್ರತಿಯೊಬ್ಬ ವರ್ತಕನೂ ತನ್ನ ಅಂಗಡಿಗೆ ತಾನೇ ಬೀಗ ಹಾಕುತ್ತಾನೆ. ಬೀಗದ ಬೆಲೆಯನ್ನು ಅವನು ತೆರಿಗೆಯಲ್ಲಿ ಕಳೆಯಬೇಕೆಂದು ಕೇಳುವುದಿಲ್ಲ.

ಯಂತ್ರ ಸವೆಯುತ್ತದೆಂದು ಉದ್ಯಮಿಯು ಪ್ರತಿವರ್ಷ ಸವಕಳಿಯ ಮೊತ್ತವನ್ನು ತೆಗೆದಿಡುತ್ತಾನೆ. ಹಳೆಯ ಯಂತ್ರ ಹೋದರೆ ಹೊಸದು ಬರುತ್ತದೆ. ಬಂಡೆಯ ಚಿತ್ರಕ್ಕೆ ಬದಲಿ ಯಂತ್ರವಿಲ್ಲವಾದ್ದರಿಂದ ಅಲ್ಲಿ ಸವಕಳಿ ನಿಧಿ ಉಪಯೋಗಕ್ಕೆ ಬಾರದು, ಕಾವಲು ನಿಧಿಯೇ ಬೇಕು. ಪ್ರಾಚೀನ ಸ್ಥಳಗಳಿರುವ ಊರುಗಳ ವರ್ತಕ ಸಂಘಗಳು ಮೂರು ಕ್ರಮಗಳನ್ನು ಕೈಗೊಳ್ಳುವುದು ಯೋಗ್ಯ. ಪ್ರವಾಸಿಗಳಿಂದ ಬರುವ ವಹಿವಾಟಿನ ಸಣ್ಣ ಪಾಲೊಂದನ್ನು ಕಾವಲಿಗೂ ಫಲಕಗಳಿಗೂ ಮೀಸಲಿಡುವುದು ಮೊದಲನೆಯದು. ಕಾವಲಿಲ್ಲದ ಸ್ಥಳಗಳನ್ನು ಜಾಹೀರಾತಿನಲ್ಲಿಯೂ ಭೂಪಟದಲ್ಲಿಯೂ ತೋರಿಸದಿರುವುದು ಎರಡನೆಯದು; ಅಮೆರಿಕದ 1979ರ ಕಾಯಿದೆ ಇಂಥ ಸ್ಥಳಗಳ ಮಾಹಿತಿಯನ್ನು ಗೋಪ್ಯವಾಗಿಡಲು ಅವಕಾಶ ಕೊಟ್ಟಿರುವುದು ಇದೇ ಕಾರಣದಿಂದ. ಗುಡ್ಡದ ಸುತ್ತಲೂ ತಲೆತಲಾಂತರದಿಂದ ಬದುಕಿರುವ ಜನರನ್ನು ಮಾರ್ಗದರ್ಶಿಗಳಾಗಿ, ಕುಶಲಕರ್ಮಿಗಳಾಗಿ, ಪಾಲುದಾರರಾಗಿ ಸೇರಿಸಿಕೊಳ್ಳುವುದು ಮೂರನೆಯದು.

ಮೋಟರ್‌ಹೋಮ್‌ಗೆ ಗಾಲಿಗಳಿವೆ. ನೋಡಲು ಏನೂ ಉಳಿಯದ ಊರನ್ನು ಬಿಟ್ಟು ಅದು ಮುಂದಿನ ಊರಿಗೆ ಹೊರಟುಹೋಗುತ್ತದೆ. ಅಂಗಡಿಗೆ ಗಾಲಿಗಳಿಲ್ಲ. ಆದ್ದರಿಂದ ಬಂಡೆಯನ್ನು ಉಳಿಸಿಕೊಳ್ಳುವ ಅಗತ್ಯ ನೋಡಬಂದವನಿಗಿಂತಲೂ ಅಂಗಡಿಯವನಿಗೇ ಹೆಚ್ಚು.